ಫೆರ್ಮಿನ್ ಕಂಡುಹಿಡಿದ ಕಾರಣ

ಬಗಿಯೊ ಬೆಟ್ಟದ ಚಳಿಯಲ್ಲಿ ಬಿಸಿನೀರಿನ ಧಾರೆ ಸಣ್ಣಗಾದರೆ ಎಲ್ಲರಿಗೂ ನೆನಪಾಗುವವನು ಪ್ಲಂಬರ್ ಫೆರ್ಮಿನ್. ಬಂದವನೇ ತಣ್ಣೀರಿನ ನಲ್ಲಿ ತಿರುಗಿಸುತ್ತಾನೆ. ಅದು ಭೋರೆಂದರೆ, "ಟ್ಯಾಂಕಿಗೇನೂ ಆಗಿಲ್ಲ, ಗೀಸರಿಗೋ ನಿಮ್ಮ ತಲೆಗೋ ಏನೋ ಆಗಿದೆ" ಎನ್ನುತ್ತಾನೆ. ಗೀಸರಿಗೆ ಕಿವಿಯಿಟ್ಟು, ಪೈಪಿನ ವಂಶವನ್ನೆಲ್ಲ ಬೈದು, ಕಾಫಿ ಕುಡಿದ ಮೇಲಷ್ಟೇ ಸ್ಪ್ಯಾನರ್ ಮುಟ್ಟುತ್ತಾನೆ. ಮೊನ್ನೆ ಬಿಸಿನೀರು ಸಣ್ಣಗಾಯಿತೆಂದು ಅವನನ್ನು ಕರೆಸಿದ ಮುದುಕಿ ಕೊನ್ಸುವೆಲೊ, "ಇದು ಸೊಸೆಯದ್ದೇ ಕಿತಾಪತಿ. ಇವತ್ತೇ ಅವಳನ್ನ ತವರಿಗೆ ಓಡಿಸ್ತೀನಿ!" ಎಂದು ಕೂಗಾಡುತ್ತಿದ್ದಳು. ಫೆರ್ಮಿನ್ ಬಗ್ಗಿ ನೋಡಿದರೆ ಗೀಸರಿನ ವಾಲ್ವನ್ನು ಯಾರೋ ಅರ್ಧ ಮುಚ್ಚಿದ್ದರು. ಬಾಗಿಲಲ್ಲಿ ನಿಂತಿದ್ದ ಸೊಸೆಯ ಮುಖ ಬಿಳುಚಿಕೊಂಡಿತು. ಅವನು ಸದ್ದಿಲ್ಲದೆ ವಾಲ್ವ್ ತೆರೆದ. ಆಮೇಲೆ ಇನ್ನಾರದೋ ಮನೆಯ ಪೈಪಿನಲ್ಲಿ ಸಿಕ್ಕಿದ್ದ ಸುಣ್ಣದ ಹರಳುಗಳನ್ನು ಮುದುಕಿಗೆ ಕಾಣದಂತೆ ಜೇಬಿನಿಂದ ತೆಗೆದು ಅವಳ ಅಂಗೈಗೆ ಸುರಿದು, "ಇಗೋ ಅಜ್ಜಿ, ನಿನ್ನ ನೀರು ತಡೆದ ಕಳ್ಳ. ಓಡಿಸೋದಾದ್ರೆ ಇದನ್ನ ಓಡಿಸು" ಎಂದ.