ಪಕ್ಕದ ಮನೆಯ ಚಳಿ

ಲೀಡ್ಸಿನ ಹೆಡಿಂಗ್ಲಿಯ ನಮ್ಮ ಸಾಲುಮನೆಗೂ ಪಕ್ಕದ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಆಚೆ ಕಡೆ ಜಾರ್ಜಿಯಾ ದೇಶದ ಒಬ್ಬ ಅಜ್ಜಿ, ಅವರ ಜೊತೆಗೆ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಮಗಳು. ಕಳೆದ ಚಳಿಗಾಲದ ಹೊಸ್ತಿಲಲ್ಲಿ ಅಜ್ಜಿಗೆ ಸ್ಟ್ರೋಕ್ ಆಯಿತು. ಇಲ್ಲಿಗೆ ಬಂದ ಮೇಲೆ ವರ್ಷಗಟ್ಟಲೆ ಕೂಡಿಟ್ಟುಕೊಂಡಿದ್ದ ಇಂಗ್ಲಿಷ್ ಪೂರ್ತಿ ಅಳಿಸಿಹೋಗಿ, ಹುಟ್ಟುಭಾಷೆಯ ಒಂದಿಷ್ಟು ಮಾತು ಮಾತ್ರ ಉಳಿಯಿತು. ಕಾಲಲ್ಲಿ ಶಕ್ತಿ ಇದೆ, ಏಳಬೇಕು ಅಂತ ಅವರಿಗೇ ಅನ್ನಿಸಬೇಕು ಎಂದು ಫಿಸಿಯೋ ಹುಡುಗಿ ಹೇಳುತ್ತಿದ್ದಳು. ಅಜ್ಜಿಗೆ ಅನ್ನಿಸುತ್ತಿರಲಿಲ್ಲ. ಅವಳು "ಸ್ಟ್ಯಾಂಡ್ ಅಪ್" ಅಂದರೆ ಇವರು ಕಿಟಕಿಯ ಕಡೆ ಮುಖ ತಿರುಗಿಸಿಬಿಡುತ್ತಿದ್ದರು.

ಮಗಳ ಪಾಳಿಯ ರೋಟಾ ಒಂದು ವಾರ ಇದ್ದ ಹಾಗೆ ಇನ್ನೊಂದು ವಾರ ಇರುವುದಿಲ್ಲ. ಅಮ್ಮ ತಾನಾಗಿ ಎದ್ದು ನಾಲ್ಕು ಹೆಜ್ಜೆ ಇಡದಿದ್ದರೆ ವೃದ್ಧರನ್ನು ನೋಡಿಕೊಳ್ಳುವ ಕೇರ್ ಹೋಮ್ ಬಿಟ್ಟು ಬೇರೆ ದಾರಿಯೇ ಇರಲಿಲ್ಲ. ಅಂಥದ್ದೊಂದನ್ನು ನೋಡಿಬರಲು ಬರುವ ಶುಕ್ರವಾರಕ್ಕೆ ಸಮಯವನ್ನೂ ಗೊತ್ತುಮಾಡಿದ್ದಳು. ಅಲ್ಲಿಯವರೆಗೆ ಮಧ್ಯಾಹ್ನದ ಹೊತ್ತು ಸ್ವಲ್ಪ ಬಂದು ಕೂತಿರುತ್ತೀಯಾ, ನಿನ್ನದು ಮನೆಯಿಂದಲೇ ಕೆಲಸವಲ್ಲವಾ ಎಂದು ಕೇಳಿದಳು. ನಾನು ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವವಳು, ಲ್ಯಾಪ್‌ಟಾಪ್ ಎಲ್ಲಿದ್ದರೂ ನಡೆಯುತ್ತದೆ. ಒಪ್ಪಿಕೊಂಡೆ.

ಹೊರಡುವ ಮೊದಲು ಬಾಗಿಲಲ್ಲೇ ನಿಂತು ಐದು ಮಾತು ಕಲಿಸಿದಳು. ಮ್ತ್ಸಿವಾ ಅಂದರೆ ನನಗೆ ಚಳಿ. ಗ್ತ್ಸಿವಾ ಅಂದರೆ ನಿನಗೆ ಚಳಿಯಾ. ಮ್ಶಿಯಾ, ಹಸಿವು. ಮ್ಟ್ಕಿವಾ, ನೋವು. ಬೇಡ, ಇಲ್ಲ ಎನ್ನಲು ಅರಾ. ಒಂದೇ ಬಾಗಿಲಲ್ಲಿ ನಾಲ್ಕು ಜನ ಒಟ್ಟಿಗೆ ನುಗ್ಗಿದ ಹಾಗಿದ್ದವು ಆ ಅಕ್ಷರಗಳು. ಆದರೂ ಒಳಗಿನ ರೀತಿ ನಮ್ಮದೇ ಅನ್ನಿಸಿತು. ಅಲ್ಲೂ ಚಳಿ ನನಗೆ ಆಗುತ್ತದೆ, ಹಸಿವು ನನಗೆ ಆಗುತ್ತದೆ. ಇಂಗ್ಲಿಷಿನವರ ಹಾಗೆ ನಾನೇ ತಣ್ಣಗಿದ್ದೇನೆ ಎಂದು ಹೇಳಿಕೊಳ್ಳಬೇಕಾಗಿಲ್ಲ. ಇದು ಸುಲಭ ಬಿಡು ಅಂದುಕೊಂಡೆ.

ಸುಲಭವೇನೂ ಆಗಲಿಲ್ಲ. ನಾನು ಹೋಗಿ ಕೂತು ಲ್ಯಾಪ್‌ಟಾಪ್ ತೆರೆಯುವಷ್ಟರಲ್ಲಿ ಅಜ್ಜಿ ಕೇಳಿದರು, "ಗ್ತ್ಸಿವಾ?" ರೇಡಿಯೇಟರ್ ಕಾದು ಕೋಣೆ ಒಲೆಯಾಗಿತ್ತು. ಸ್ವೆಟರ್ ಒಳಗೆ ನನಗೆ ಬೆವರು. "ಅರಾ" ಅಂದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, "ಗ್ತ್ಸಿವಾ?" ಮತ್ತೆ ಅರಾ. ಸಂಜೆ ಮಗಳಿಗೆ ಹೇಳಿದರೆ ಅವಳಿಗೂ ಖಾತ್ರಿಯಿಲ್ಲ. ಸ್ಟ್ರೋಕ್ ಆದ ಮೇಲೆ ನಾನು, ನೀನು ಎಲ್ಲ ಕಲಸಿಹೋಗಿದೆಯೋ ಏನೋ, ತನಗೇ ಚಳಿ ಅಂತ ಹೇಳುತ್ತಿರಬಹುದು ಅಂದಳು. ಮರುದಿನ ಅಜ್ಜಿ ಕೇಳಿದ ಕೂಡಲೇ ಕಂಬಳಿ ತಂದು ಹೊದೆಸಿದೆ. ಅವರು ಅದನ್ನು ಕಿತ್ತು ನೆಲಕ್ಕೆ ಹಾಕಿದರು. ಹಾಗಾದರೆ ಕೇಳುತ್ತಿರುವುದು ನನ್ನನ್ನೇ. ಇಂಥ ಸೆಕೆಯಲ್ಲಿ ನನಗೇಕೆ ಚಳಿಯಾಗಬೇಕು? ಒಂದೂ ಅರ್ಥವಾಗಲಿಲ್ಲ.

ನನ್ನ ಕಥೆಯೂ ಸ್ವಲ್ಪ ಹೇಳಬೇಕು. ನಾನು ಬಳ್ಳಾರಿಯವಳು. ಯಾರ ಮನೆಗೆ ಹೋದರೂ ಚಹಾ ಅಂದ ತಕ್ಷಣ "ಬ್ಯಾಡ್ರಿ, ಈಗಷ್ಟೇ ಕುಡಿದು ಬಂದೀನಿ" ಎನ್ನುವುದು ನಮಗೆ ಉಸಿರಾಡಿದಷ್ಟು ಸಹಜ. ಅವರು ಬಲವಂತ ಮಾಡಬೇಕು, ನಾವು ಸಾಕು ಸಾಕು ಅನ್ನುತ್ತಲೇ ಕುಡಿಯಬೇಕು. ಲೀಡ್ಸಿಗೆ ಬಂದ ಹೊಸದರಲ್ಲಿ ಹೀಗೆ ಬೇಡ ಬೇಡ ಅಂದು ಎಷ್ಟೋ ಮನೆಗಳಿಂದ ಬರಿಹೊಟ್ಟೆಯಲ್ಲಿ ಬಂದಿದ್ದೇನೆ, ಇಲ್ಲಿ ಎರಡನೇ ಸಲ ಯಾರೂ ಕೇಳುವುದಿಲ್ಲ. ಆದರೂ ಚಾಳಿ ಹೋಗಿಲ್ಲ. ಅದರಲ್ಲೂ ಹಿರಿಯರು, ಕಾಯಿಲೆಯವರು ಕೇಳಿದರಂತೂ ಬಾಯಿ ತಾನಾಗಿಯೇ ಬೇಡ ಅನ್ನುತ್ತದೆ.

ಶುಕ್ರವಾರಕ್ಕೆ ಇನ್ನೊಂದೇ ದಿನ ಉಳಿದಿತ್ತು. ಆ ಮಧ್ಯಾಹ್ನ ನನ್ನ ಟೆಸ್ಟುಗಳೆಲ್ಲ ಒಂದರ ಹಿಂದೊಂದು ಫೇಲ್ ಆಗುತ್ತಿದ್ದವು, ಮ್ಯಾನೇಜರ್ ಮೆಸೇಜ್ ಮೇಲೆ ಮೆಸೇಜ್ ಹಾಕುತ್ತಿದ್ದ. ಅಜ್ಜಿ ಕೇಳಿದರು, "ಗ್ತ್ಸಿವಾ?" ಅರಾ ಅಂದೆ. ಮತ್ತೆ ಕೇಳಿದರು. ಮೂರನೇ ಸಲಕ್ಕೆ ನನ್ನ ತಲೆ ಕೆಟ್ಟುಹೋಯಿತು.

"ಹೌದ್ರೀ, ಚಳಿ! ಮ್ತ್ಸಿವಾ! ಆಯ್ತಾ?" ಅಂದುಬಿಟ್ಟೆ.

ಅಜ್ಜಿ ನನ್ನನ್ನೇ ನೋಡಿದರು. ಬೈದೆನಲ್ಲ, ಅಳುತ್ತಾರೇನೋ ಎಂದು ಹೆದರಿಕೆಯಾಯಿತು. ಅವರು ಕುರ್ಚಿಯ ಎರಡೂ ಕೈ ಹಿಡಿದು ಮುಂದಕ್ಕೆ ಬಾಗಿದರು. ಏನು ಮಾಡುತ್ತಿದ್ದಾರೆ ಎಂದು ನನಗೆ ಹೊಳೆಯುವ ಮೊದಲೇ ಎದ್ದು ನಿಂತಿದ್ದರು.

"ಬ್ಯಾಡ ಅಜ್ಜಿ, ಕೂಡ್ರಿ, ಕೂಡ್ರಿ, ನಾನಾ ತಗೋತೀನಿ" ಎಂದು ಹಾರಿ ಎದ್ದೆ. ಏನು ತಗೊಳ್ಳುವುದು ಎಂದು ಗೊತ್ತಿರಲಿಲ್ಲ. ನನ್ನ ಸಲುವಾಗಿ ಹಿರಿಯರು ಏಳಬಾರದು, ಅಷ್ಟೇ. ಹಿಡಿದು ಕೂರಿಸಲು ಕೈ ಚಾಚಿದೆ. ಅಜ್ಜಿ ಆ ಕೈಯ ಮೇಲೆ ಫಟ್ ಎಂದು ಒಂದು ಹೊಡೆದರು. ನಮ್ಮಮ್ಮ ಹೊಡೆದಷ್ಟೇ ಉರಿಯಿತು. ಎಷ್ಟೋ ವರ್ಷಗಳಿಂದ ನನಗೆ ಯಾರೂ ಹಾಗೆ ಹೊಡೆದಿರಲಿಲ್ಲ, ಕಣ್ಣಲ್ಲಿ ನೀರು ಬಂತು.

ಬೀರು ಇದ್ದದ್ದು ಕೋಣೆಯ ಇನ್ನೊಂದು ಮೂಲೆಯಲ್ಲಿ. ಸೋಫಾ ಹಿಡಿದು, ಗೋಡೆ ಹಿಡಿದು, ಎಡಗಾಲು ಎಳೆಯುತ್ತಾ ಅಲ್ಲಿಗೆ ಹೋದರು. ನಾನು ಎರಡೂ ಕೈ ಅಗಲ ಮಾಡಿಕೊಂಡು, ಮುಟ್ಟದೆ, ಪಕ್ಕದಲ್ಲೇ ನಡೆದೆ. ಬೀರುವಿನಿಂದ ಒಂದು ಕಪ್ಪು ಉಣ್ಣೆಯ ಶಾಲು ತೆಗೆದು ನನ್ನ ಹೆಗಲಿಗೆ ಹೊದೆಸಿ, ಗಂಟಲ ಹತ್ತಿರ ಬಿಗಿಯಾಗಿ ಸುತ್ತಿದರು. ನುಸಿಗುಳಿಗೆಯ ವಾಸನೆ ಹೊಡೆಯುತ್ತಿತ್ತು. ಮತ್ತೆ ಗೋಡೆ ಹಿಡಿದು ವಾಪಸು ಬಂದು ಕೂತರು, ಏದುಸಿರು ಬಿಡುತ್ತಾ. ಮೊಣಕಾಲು ಒತ್ತಿಕೊಂಡು "ಮ್ಟ್ಕಿವಾ" ಅಂದರು. ಮುಖದಲ್ಲಿ ನೋವಿಗಿಂತ ಜಂಬವೇ ಹೆಚ್ಚಾಗಿತ್ತು.

ಸಂಜೆ ಮಗಳು ಬಂದಾಗ ನಾನು ಶಾಲಿನೊಳಗೆ ಬೆವರಿ ತೊಪ್ಪೆಯಾಗಿದ್ದೆ. ತೆಗೆಯಲು ಧೈರ್ಯವಿರಲಿಲ್ಲ. ಬೀರು ತೆರೆದದ್ದು ಯಾರು ಎಂದು ಕೇಳಿದಳು. ಅಜ್ಜಿಯ ಕಡೆ ಬೆರಳು ತೋರಿಸಿದೆ. ಕೋಟು ಕೂಡ ಬಿಚ್ಚದೆ ಮೆಟ್ಟಿಲ ಮೇಲೆ ಕೂತು ಅತ್ತಳು. ಹೇಗೆ ಎಬ್ಬಿಸಿದೆ ಎಂದಳು. ಸಿಟ್ಟಿನಲ್ಲಿ ಸುಳ್ಳು ಹೇಳಿದೆ ಎನ್ನಲೋ, ನನಗೆ ನಿಜವಾಗಿ ಚಳಿಯಾಗಿತ್ತು ಎನ್ನಲೋ ತಿಳಿಯದೆ, ಮ್ತ್ಸಿವಾ ಅಂದೆ, ಅವರೇ ಎದ್ದು ಶಾಲು ತಂದರು ಎಂದಷ್ಟೇ ಹೇಳಿದೆ. ರಾತ್ರಿಯಾಗುವುದರೊಳಗೆ ಅವಳು ಕೇರ್ ಹೋಮಿಗೆ ಫೋನ್ ಮಾಡಿ ನಾಳೆ ಬರುವುದಿಲ್ಲ ಎಂದು ಹೇಳುವುದು ಗೋಡೆಯ ಈಚೆಗೂ ಕೇಳಿಸಿತು.

ಮರುದಿನ ಮಧ್ಯಾಹ್ನ ಹೊರಗೆ ಹಿಮ ಬೀಳುವ ಹಾಗಿತ್ತು. ನಾನು ಸ್ವೆಟರ್ ಬಿಚ್ಚಿ ಕುರ್ಚಿಯ ಮೇಲಿಟ್ಟು, ಲ್ಯಾಪ್‌ಟಾಪ್ ತೆಗೆದುಕೊಂಡು ಪಕ್ಕದ ಮನೆಗೆ ಹೊರಟೆ. ಅವತ್ತು ಮನೆಯಲ್ಲೇ ಇದ್ದ ಗಂಡ ನೋಡಿ, "ಏಯ್, ಹಾಗೇ ಹೋಗ್ತಿದೀಯಲ್ಲ, ಚಳಿ ಆಗಲ್ವಾ ನಿಂಗೆ?" ಅಂದ.

"ಆಗಬೇಕು" ಅಂದೆ.