ಮಂಕರಿಯ ಕೆಳಗಿನ ನವಿಲು

ರಸ್ತೆಗೆ ಹುರುಳಿ ಹರಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಮೈಯೆಲ್ಲ ಉರಿಯುತ್ತಿತ್ತು. ಸಂಕ್ರಾಂತಿಯ ಹಿಂದುಮುಂದು ಚಿಕ್ಕಬಳ್ಳಾಪುರದ ಕಡೆಯ ಹಳ್ಳಿಗಳಿಗೆ ಬಂದು ನೋಡಿ, ಟಾರೇ ಕಾಣುವುದಿಲ್ಲ. ರಾಗಿ, ಹುರುಳಿ, ಎಲ್ಲವನ್ನೂ ತಂದು ರಸ್ತೆಗೆ ಹಾಸಿ, ಅಂಚಿಗೆ ಕಲ್ಲಿಟ್ಟು, ಹೋಗಿಬರುವ ಗಾಡಿಗಳ ಚಕ್ರದಲ್ಲೇ ಪುಕ್ಕಟೆ ಒಕ್ಕಣೆ ಮಾಡಿಸಿಕೊಳ್ಳುತ್ತಾರೆ. ನಾನು ಮಂಡಿಕಲ್ ಕಡೆಯ ಒಂದು ಸರ್ಕಾರಿ ಶಾಲೆಯ ಟೀಚರು, ದಿನಾ ಕಾರಿನಲ್ಲಿ ಹೋಗಿಬರುವವಳು. ಆ ಸೊಪ್ಪಿನ ಮೇಲೆ ಚಕ್ರ ಜಾರಿದಾಗಲೆಲ್ಲ ಗಾಜು ಇಳಿಸಿ, "ಇದೇನ್ ನಿಮ್ಮಪ್ಪ ಮಾಡಿಸಿದ ಕಣಾನಾ?" ಎಂದು ಕೂಗಿಯೇ ಮುಂದೆ ಹೋಗುತ್ತಿದ್ದೆ. ಅವರೇನೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. "ಮೇಲೇ ಬಿಡಮ್ಮ ಟೀಚರಮ್ಮ, ಪುಣ್ಯ ಬರ್ತದೆ" ಎಂದು ನಗುತ್ತಿದ್ದರು.

ಹೋದ ವರ್ಷ ನಮ್ಮ ಮನೆಯ ಹುರುಳಿಯೇ ರಸ್ತೆಗೆ ಬಂತು. ಕಣ ಮಾಡಬೇಕೆಂದರೆ ನೆಲ ಗಟ್ಟಿಸಬೇಕು, ಸಗಣಿ ಬಳಿಯಬೇಕು, ರೋಣಗಲ್ಲು ಎಳೆಯಲು ಎತ್ತು ಬೇಕು. ಎತ್ತು ಮಾರಿ ಎಷ್ಟೋ ವರ್ಷವಾಗಿದೆ. ನಮ್ಮ ಯಜಮಾನರು ಗೌರಿಬಿದನೂರಿನ ಫ್ಯಾಕ್ಟರಿಗೆ ಬೆಳಗಿನ ಶಿಫ್ಟಿಗೆ ಹೋದರೆ ಕತ್ತಲಾದ ಮೇಲೆಯೇ ಬರುವುದು. ಹೊಲ ನೋಡಿಕೊಳ್ಳುವವರು ಅತ್ತಮ್ಮ, ಅಂದರೆ ನಮ್ಮ ಯಜಮಾನರ ತಾಯಿ. ಅವರೇ ಆಳಿಟ್ಟು ಮನೆಯ ಮುಂದಿನ ತಿರುವಿನಲ್ಲಿ ಹರಡಿಸಿದರು. ನಾನು ಏನಾದರೂ ಅಂದೆನೇ? ಒಂದು ಮಾತೂ ಅನ್ನಲಿಲ್ಲ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಅಂತಾರಲ್ಲ, ನನ್ನಂಥವರನ್ನು ನೋಡಿಯೇ ಹೇಳಿದ್ದಿರಬೇಕು.

ಹುರುಳಿ ಹರಡಿದ ಕಡೆಗೆ ನವಿಲು ಬರುತ್ತವೆ. ಇದು ನಮ್ಮ ಕಡೆ ಚಿಕ್ಕಮಕ್ಕಳಿಗೂ ಗೊತ್ತು. ಬೆಳಿಗ್ಗೆ ಜನ ಏಳುವ ಮೊದಲೇ ಬೇಲಿಯಿಂದ ಇಳಿದು ಕಾಳು ಹೆಕ್ಕುತ್ತವೆ. ನಮ್ಮ ತಿರುವಿಗೆ ಒಂದು ಹೆಣ್ಣು ನವಿಲು, ಹಿಂದೆ ಮೂರು ಎಳೆಯವು ಬರುತ್ತಿದ್ದವು. ಅತ್ತಮ್ಮ ಓಡಿಸುತ್ತಿರಲಿಲ್ಲ. "ತಿನ್ಲಿ ಬಿಡು, ಬಾಣಂತಿ" ಅನ್ನುತ್ತಿದ್ದರು.

ಆ ದಿನ ಮಂಜು ಬಿದ್ದಿತ್ತು, ನನಗೆ ಹೊತ್ತಾಗಿತ್ತು. ಬೇರೆಯವರ ಹುರುಳಿಯಾಗಿದ್ದರೆ ನಿಧಾನವಾಗಿ, ಬೈದುಕೊಂಡಾದರೂ ಹೋಗುತ್ತಿದ್ದೆ. ನಮ್ಮದಲ್ಲವೇ, ಜೋರಾಗಿ ಹತ್ತಿಸಿದರೆ ಕಾಯಿ ಚೆನ್ನಾಗಿ ಒಡೆಯುತ್ತದೆ ಎಂದುಕೊಂಡು ವೇಗವನ್ನೇ ತಗ್ಗಿಸಲಿಲ್ಲ. ಸೊಪ್ಪಿನೊಳಗಿಂದ ಏನೋ ಎದ್ದಿತು. ಬಂಪರಿಗೆ ದಪ್ ಎಂದು ಬಡಿಯಿತು. ಎಳೆಯವು ಕಿರುಚಿಕೊಂಡು ಬೇಲಿ ಹಾರಿದವು. ತಾಯಿ ಹಾರಲಿಲ್ಲ.

ಇಳಿದು ನೋಡಿದರೆ ರೆಕ್ಕೆ ಒಂದು ಕಡೆಗೆ ತಿರುಚಿಕೊಂಡಿತ್ತು, ಒಂದು ಕಾಲು ನೆಲಕ್ಕೆ ಊರುತ್ತಿರಲಿಲ್ಲ. ಕತ್ತು ಮಾತ್ರ ನೆಟ್ಟಗೆ ಎತ್ತಿಕೊಂಡು ನನ್ನನ್ನೇ ನೋಡುತ್ತಿತ್ತು. ಅತ್ತಮ್ಮ ಕೈಯಲ್ಲಿದ್ದ ಪೊರಕೆ ಬಿಸಾಡಿ ಓಡಿಬಂದರು.

"ಅಯ್ಯೋ ದೇವ್ರೆ, ಎಂಥ ಕೆಲ್ಸ ಆಯ್ತು!"

"ಟೌನಿಗೆ ತಗೊಂಡ್ ಹೋಗ್ತೀನಿ ಅತ್ತಮ್ಮ, ದನದ ಡಾಕ್ಟ್ರಿಗೆ ತೋರಿಸ್ತೀನಿ" ಎಂದೆ.

"ನಿಂಗೇನ್ ತಲೆ ಕೆಟ್ಟೈತಾ? ಅದು ನವಿಲು ಕಣಮ್ಮ, ಕೋಳಿಯಲ್ಲ. ಮುಟ್ಟಿದ್ರೆ ಕೇಸು. ಗೌರ್ಮೆಂಟ್ ಕೆಲ್ಸದಲ್ಲಿರೋಳು ನೀನು, ಸಸ್ಪೆಂಡ್ ಮಾಡಿದ್ರೆ ಏನ್ ಗತಿ? ನೀನ್ ಹೋಗು, ನಾನ್ ನೋಡ್ಕೊತೀನಿ."

ಕೋಳಿ ಮುಚ್ಚುವ ದೊಡ್ಡ ಬಿದಿರಿನ ಮಂಕರಿ ತಂದು ಅದರ ಮೇಲೆ ಕವುಚಿ, ನಾಯಿ ಎಳೆಯದಿರಲೆಂದು ಮೇಲೊಂದು ಕಲ್ಲಿಟ್ಟರು. ನಾನು ಕಾರು ಹತ್ತಿ ಹೋದೆ. ಹೋದೆ ಎಂದು ಬರೆಯುವುದಕ್ಕೇ ನನಗೆ ನಾಚಿಕೆಯಾಗುತ್ತದೆ.

ಆ ಬೆಳಿಗ್ಗೆ ಏನು ಪಾಠ ಮಾಡಿದೆನೋ ನನಗೇ ಗೊತ್ತಿಲ್ಲ. ಮಧ್ಯಾಹ್ನ ಊಟಕ್ಕೆ ಕುಳಿತಾಗ ನಮ್ಮ ಹೆಡ್ ಮೇಡಮ್ಮನ್ನು ಮೆಲ್ಲಗೆ ಕೇಳಿದೆ. ಅವರು ಶಿಡ್ಲಘಟ್ಟದವರು, ಮನೆಯವರೆಲ್ಲ ರೇಷ್ಮೆ ವ್ಯಾಪಾರದಲ್ಲಿರುವವರು, ನಾಲ್ಕು ಊರಿನ ಸಮಾಚಾರ ಗೊತ್ತಿರುವ ಹೆಂಗಸು. "ನಮ್ಮೂರಲ್ಲಿ ಯಾರದೋ ಕಾರಿಗೆ ನವಿಲು ಸಿಕ್ತಂತೆ ಮೇಡಂ. ಕೇಸಾಗುತ್ತಾ?" ಎಂದೆ. ಯಾರದೋ ಕಾರು!

"ಅರೆ, ಯಾರ್ ಹೇಳಿದ್ದು ನಿಮ್ಗೆ?" ಎಂದರು. "ಬೇಕಂತ ಹೊಡೆದ್ರಾ ಏನು? ನಮ್ಮ ತಮ್ಮನ ಆಟೋಗೆ ಮುರುಗಮಲ್ಲದ ಹತ್ರ ಸಿಕ್ಕಿತ್ತಲ್ಲ. ಫಾರೆಸ್ಟಿನವರಿಗೆ ಫೋನ್ ಮಾಡಿದ, ಜೀಪಲ್ಲಿ ಬಂದು ಎತ್ಕೊಂಡ್ ಹೋದ್ರು. ಕಾಲು ಕಟ್ಟಿ, ವಾಸಿ ಮಾಡಿ ಬಿಟ್ರಂತೆ. ಇವನನ್ನ ಒಂದ್ ಮಾತೂ ಅನ್ನಲಿಲ್ಲ. ನಂಬರ್ ನನ್ ಹತ್ರಾನೇ ಇದೆ, ಕೊಡ್ಲಾ? ಪಾಪ, ಇನ್ನೂ ಜೀವ ಇದ್ಯಾ ಅದಕ್ಕೆ?"

ಪಕ್ಕದಲ್ಲಿ ಇನ್ನಿಬ್ಬರು ಟೀಚರುಗಳು ಕುಳಿತಿದ್ದರು. ಅದರ ಹಿಂದಿನ ವಾರವಷ್ಟೇ ಇದೇ ಜಾಗದಲ್ಲಿ, ನಮ್ಮ ಶಾಲೆಯ ಹುಡುಗಿಯೊಬ್ಬಳ ತಂದೆ, ಬೈಕಿಗೆ ಮೊಲ ಸಿಕ್ಕಿತು, ಬಿಟ್ಟು ಬಂದೆ ಅಂದದ್ದಕ್ಕೆ, "ಮನುಷ್ಯರೇನ್ರೀ ನೀವು? ನಿಂತು ನೋಡೋಕಾಗಲಿಲ್ವಾ?" ಎಂದು ಎಲ್ಲರ ಮುಂದೆ ಮುಖದ ನೀರಿಳಿಸಿದ್ದೆ. ಆತ ತಲೆ ತಗ್ಗಿಸಿ ಹೋಗಿದ್ದ. ಈಗ ನಂಬರ್ ಕೊಡಿ ಎಂದರೆ ಯಾವ ಮನೆ, ಯಾರ ಕಾರು ಎಂದು ಮಾತು ಬೆಳೆಯುತ್ತದೆ. ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು.

"ಇಲ್ಲ ಮೇಡಂ, ಆಗ್ಲೇ ಸತ್ತೋಯ್ತಂತೆ" ಎಂದೆ.

ಹೀಗೆ ಹೇಳಿ ಡಬ್ಬಿಯ ಅನ್ನಕ್ಕೆ ಮೊಸರು ಕಲಸಿಕೊಂಡೆ. ಆಗಿನ್ನೂ ಒಂದು ಗಂಟೆ. ಆಚೆ ಹೋಗಿ ಮನೆಗೊಂದು ಫೋನ್ ಮಾಡಬಹುದಿತ್ತು. ತಲೆನೋವು ಅಂದು ಅರ್ಧ ದಿನದ ರಜೆ ಹಾಕಬಹುದಿತ್ತು. ಸಂಜೆ ಹೋಗುವಷ್ಟರಲ್ಲಿ ತಾನೇ ಎದ್ದು ಹೋಗಿರುತ್ತದೆ ಎಂದು ನನಗೆ ನಾನೇ ಹೇಳಿಕೊಂಡು, ಗಂಟೆ ಹೊಡೆದ ಕೂಡಲೇ ತರಗತಿಗೆ ಹೋದೆ. ಇಂಥ ಹೇಡಿತನ ನನ್ನೊಳಗಿದೆ ಎಂದು ಅಲ್ಲಿಯವರೆಗೆ ನನಗೆ ತಿಳಿದಿರಲಿಲ್ಲ.

ಸಂಜೆ ಬಂದಾಗ ಅತ್ತಮ್ಮ ಜಗಲಿಯ ಮೇಲೆ ಕೂತಿದ್ದರು. ಬೇಲಿಯ ಪಕ್ಕದಲ್ಲಿ ಹೊಸದಾಗಿ ಮಣ್ಣು ಅಗೆದಿತ್ತು.

"ಮೂರು ಗಂಟೆವರ್ಗೂ ಇತ್ತು ಕಣಮ್ಮ" ಎಂದರು. "ಚಮಚದಲ್ಲಿ ನೀರ್ ಬಿಟ್ಟೆ, ಕುಡೀತು. ಮರಿಗಳು ಬೇಲಿ ಆಚೆ ಕೂಗ್ತಾನೇ ಇದ್ವು, ಇದು ಮಂಕರಿ ಒಳಗಿಂದ ಉತ್ತರ ಕೊಡ್ತಿತ್ತು. ನನ್ ಕೈಲಿ ಕೇಳೋಕಾಗ್ಲಿಲ್ಲ. ಯಾರಿಗಾದ್ರೂ ಫೋನ್ ಮಾಡ್ಸಣ ಅಂತ ಎರಡ್ ಸಲ ಎದ್ದೆ. ನಿನ್ ಕೆಲ್ಸಕ್ಕೆ ಕಲ್ಲು ಬಿದ್ರೆ ಅಂತ ಮತ್ತೆ ಕೂತ್ಕೊಂಡೆ." ಸೆರಗಿನಿಂದ ಮೂಗು ಒರೆಸಿಕೊಂಡು ನನ್ನ ಮುಖ ನೋಡಿದರು. "ಸ್ಕೂಲಲ್ಲಿ ಯಾರನ್ನಾದ್ರೂ ಕೇಳಿದ್ಯಾ? ಕೇಸಾಗ್ತಿತ್ತಾ?"

"ಕೇಳ್ದೆ ಅತ್ತಮ್ಮ. ಆಗ್ತಿತ್ತಂತೆ. ನೀವು ಹೇಳಿದ್ದೇ ಸರಿ" ಎಂದೆ.

"ಅದಕ್ಕೇ ನಾನ್ ಬಡ್ಕೊಂಡಿದ್ದು" ಎಂದರು. ಅವರ ಮುಖ ಎಷ್ಟೋ ಹಗುರವಾಯಿತು. ಎದ್ದು ಹೋಗಿ ನನಗೆ ಕಾಫಿಗೆ ಇಟ್ಟರು. ಅವರ ಮನಸ್ಸು ನೋಯದಿರಲೆಂದು ಹಾಗೆ ಹೇಳಿದೆ ಎಂದು ಬಹಳ ದಿನ ಅಂದುಕೊಂಡಿದ್ದೆ. ಸುಳ್ಳು. ಅವರ ಕಣ್ಣಲ್ಲಿ ನಾನು ಚಿಕ್ಕವಳಾಗಬಾರದೆಂದು ಹೇಳಿದ್ದು.

ಈ ವರ್ಷವೂ ರಸ್ತೆಗೆ ಹುರುಳಿ ಬಿತ್ತು. ಮೊನ್ನೆ ಊರ ಆಚೆ ಕಡೆಯ ಚರಂಡಿಯಲ್ಲಿ ಒಂದು ಗಂಡು ನವಿಲು ಸತ್ತು ಬಿದ್ದಿತ್ತು, ಇರುವೆ ಮುತ್ತಿತ್ತು. ಕಾರು ನಿಲ್ಲಿಸಿ, ಅಲ್ಲೇ ಎದುರುಗಡೆ ಹುರುಳಿ ತಿರುವಿಹಾಕುತ್ತಿದ್ದ ರೈತನನ್ನು ಕೇಳಿದೆ. ಟೆಂಪೋ ಗುದ್ದಿ ಹೋಯಿತು ಎಂದ. "ಫಾರೆಸ್ಟಿನವರಿಗೆ ಒಂದು ಫೋನ್ ಮಾಡ್ಬಾರ್ದಿತ್ತೇನಪ್ಪ?" ಎಂದೆ.

ಆತ ನನ್ನನ್ನು ವಿಚಿತ್ರವಾಗಿ ನೋಡಿದ. "ಇದೇನ್ ಟೀಚರಮ್ಮ, ಹಿಂಗಂತೀರಾ? ಕೇಸಾಗ್ತದೆ ಅಂತ ನೀವೇ ಕೇಳ್ಕೊಂಡ್ ಬಂದ್ರಂತಲ್ಲ. ನಿಮ್ಮತ್ತೆಯವರು ಊರಿಗೆಲ್ಲ ಹೇಳವ್ರೆ. ಅದಕ್ಕೇ ನಾವ್ ಯಾರೂ ಹತ್ರ ಹೋಗ್ಲಿಲ್ಲ. ಪಾಪ, ಎರಡು ದಿನ ಬದುಕಿತ್ತು."