ಕೊಡೆ ಹಿಡಿದ ಕೋವಿ

ನಮ್ಮ ಮನೆಯ ನಡುಕೋಣೆಯ ಗೋಡೆಯ ಮೇಲೆ ಒಂದು ಕೋವಿಯಿದೆ. ಅದರ ನಳಿಗೆಗೆ ನನ್ನ ಕೊಡೆ ತೂಗುತ್ತದೆ. ಗಾಜನೂರಿನ ಗದ್ದೆಗೆ ನುಗ್ಗುವ ಹಂದಿಗಳನ್ನು ಬೆದರಿಸಲೆಂದು ಅಪ್ಪ ಲೈಸೆನ್ಸ್ ಪಡೆದು ತಂದ ಈ ಆಯುಧ, ನನ್ನ ಹೆಸರಿಗೆ ಬಂದ ಮೇಲೆ ಕೊಡೆಯ ಹೊರತು ಬೇರೇನನ್ನೂ ಹಿಡಿದಿಲ್ಲ. ಭದ್ರಾವತಿಯಲ್ಲಿರುವ ನನ್ನ ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ ಚಂದ್ರಶೇಖರನ ಕೋವಿಯಾದರೋ ಎಣ್ಣೆ ಕುಡಿದು ಮದುಮಗನಂತೆ ಹೊಳೆಯುತ್ತದೆ. ನನ್ನ ಹೊಟ್ಟೆಕಿಚ್ಚು ಆ ಹೊಳಪಿನಿಂದ ಹುಟ್ಟಿದ್ದಲ್ಲ. ಅದು ಮಾವನವರು ನಮ್ಮಿಬ್ಬರಿಗೂ ಕೊಡಿಸಿದ ವಾಚುಗಳಷ್ಟು ಹಳೆಯದು. ಅವನ ವಾಚು ಇಂದಿಗೂ ಓಡುತ್ತಿದೆ.

ಚುನಾವಣೆ ಬಂದರೆ ಕೋವಿಗಳನ್ನು ಠಾಣೆಗೆ ಒಪ್ಪಿಸಬೇಕು. ಬೆಳೆ ಕಾಯುವ ಕೋವಿಗಳಿಗೆ ಮಾತ್ರ ನಮ್ಮಲ್ಲಿ ಪ್ರತಿ ಸಲವೂ ವಿನಾಯಿತಿ ಇರುತ್ತಿತ್ತು. ಈ ಸಲ ಅದು ರದ್ದಾಯಿತು. ರದ್ದತಿಯ ಆದೇಶ ಠಾಣೆಯೊಳಗಿನ ಬೋರ್ಡಿಗೆ ಅಂಟಿಕೊಂಡು ಕೂತರೆ, ಠಾಣೆಯ ಮೆಟ್ಟಿಲು ಹತ್ತದಿರುವುದನ್ನೇ ಮರ್ಯಾದೆಯೆಂದು ತಿಳಿದ ನನ್ನಂಥ ನಿವೃತ್ತ ಮೇಷ್ಟ್ರಿಗೆ ಕಾಣುವುದಾದರೂ ಹೇಗೆ? ಗಡುವು ಮುಗಿದ ಮೇಲೆ ಪೊಲೀಸರೊಬ್ಬರು ಬಂದು, ಕೊಡೆಯನ್ನು ನನ್ನ ಕೈಗಿತ್ತು ಕೋವಿಯನ್ನು ಒಯ್ದರು. ಅದರ ಹಿಂದೆಯೇ ಕ್ರಿಮಿನಲ್ ಕೇಸು ಬಂತು. ಕಾನೂನು ಗೊತ್ತಿರಲಿಲ್ಲವೆಂಬ ನೆಪ ನಡೆಯದೆಂದು ಮೂವತ್ತು ವರ್ಷ ಪೌರನೀತಿ ಬೋಧಿಸಿದ ನಾಲಿಗೆ, ವಕೀಲರ ಮುಂದೆ ಅದೇ ನೆಪವನ್ನು ತೊದಲಿತು. ಜೈಲಿನ ಭಯಕ್ಕೆ ನಿದ್ದೆ ಹಾರಿಹೋಯಿತು. ಆದರೂ ನಿಜ ಹೇಳುತ್ತೇನೆ, ಹೊಟ್ಟೆ ಉರಿದದ್ದು ಚಂದ್ರಶೇಖರ ಮೊದಲೇ ಕೋವಿ ಒಪ್ಪಿಸಿ ರಸೀದಿ ಪಡೆದಿದ್ದನೆಂದು ಹೆಂಡತಿ ಹೇಳಿದಾಗ. ಅವನ ಠಾಣೆಯವರು ಮನೆಗೇ ಬಂದು ತಿಳಿಸಿ, ಕಾಫಿ ಕುಡಿದು ಹೋಗಿದ್ದರಂತೆ. ನಾನೇನು ಕಾಫಿ ಕೊಡುತ್ತಿರಲಿಲ್ಲವೇ, ನೀವೇ ಹೇಳಿ ಮಾರಾಯರೇ.

ನ್ಯಾಯಾಧೀಶರು ಕಾಗದಗಳನ್ನು ತಿರುವಿ ಸರ್ಕಾರಿ ವಕೀಲರನ್ನು ಕೇಳಿದರು: “ಇಷ್ಟು ವರ್ಷ ಬೇಡ ಅಂದಿದ್ದನ್ನ ಈಗ ಬೇಕು ಅಂತೀರಿ. ಇವರಿಗೆ ತಿಳಿಸಿದ್ದಕ್ಕೆ ಸಹಿ ಎಲ್ಲಿದೆ?”

“ಠಾಣೆ ಬೋರ್ಡಿಗೆ ಹಾಕಿದ್ರು ಸ್ವಾಮಿ.”

“ಅದನ್ನ ಓದೋಕೆ ಇವರು ಯಾವ ತಪ್ಪು ಮಾಡಿ ಠಾಣೆಗೆ ಬರ್ಬೇಕಿತ್ತು?”

ಬದಲಾದ ಕರ್ತವ್ಯವನ್ನು ತಿಳಿಸದೆ ಶಿಕ್ಷಿಸಲಾಗದೆಂದು ಕೇಸು ವಜಾ ಆಯಿತು.

ಗೆದ್ದ ಸುದ್ದಿಯಿಂದ ಷಡ್ಡಕನನ್ನು ಚುಚ್ಚಲೆಂದೇ ಆ ಸಂಜೆ ವಾಟ್ಸಾಪ್ ತೆರೆದೆ. ಹೊಳೆಯುವ ಕೋವಿಯ ಫೋಟೊಗಳ ಕಾಟ ತಾಳದೆ ಅವನನ್ನು ಎಂದೋ ಮ್ಯೂಟ್ ಮಾಡಿದ್ದೆ. ಓದದೆ ಬಿಟ್ಟ ರಾಶಿಯ ನಡುವೆ, ಗಡುವಿಗೆ ನಾಲ್ಕು ದಿನ ಮುಂಚೆ ಬಂದಿದ್ದ ರಸೀದಿಯ ಫೋಟೊ, ಕೆಳಗೆ ಎರಡು ಸಾಲು: “ಭಾವ, ಈ ಸಲ ನಮ್ಮಂಥೋರ್ದೂ ಕೊಡ್ಬೇಕಂತೆ. ಮರೀದೆ ಕೊಟ್ಬಿಡಿ.”

ಸರ್ಕಾರ ಕೊಡದ ತಿಳಿವಳಿಕೆಯನ್ನು ಷಡ್ಡಕ ಕೊಟ್ಟಿದ್ದ. ನಾನೇ ಬಾಗಿಲು ಮುಚ್ಚಿಕೊಂಡಿದ್ದೆ.

ಕೋವಿ ಮನೆಗೆ ಮರಳಿದ ವಾರ ಅವನು ಬಂದ. ಸಂದೇಶವನ್ನು ನಾನು ಓದಿದ್ದು ಯಾವಾಗ ಎಂಬುದು ಅವನ ಫೋನಿಗೆ ಗೊತ್ತಾಗಿರಲೇಬೇಕು. ಹೆಂಡತಿಯ ಎದುರು ಒಂದು ಮಾತು ಆಡಿದ್ದರೆ ನನ್ನ ಗೆಲುವೆಲ್ಲ ಮಣ್ಣುಪಾಲಾಗುತ್ತಿತ್ತು. ಅವನು ಕೋರ್ಟಿನ ಕಥೆಯನ್ನು ಕೊನೆಯವರೆಗೂ ಕೇಳಿ, “ನಿಮ್ಮ ಪುಣ್ಯ ಭಾವ,” ಎಂದಷ್ಟೇ ಹೇಳಿ, ಮಳೆ ನಿಂತಿದ್ದರಿಂದ ತನ್ನ ಕೊಡೆಯನ್ನು ಇಲ್ಲೇ ಮರೆತು ಹೊರಟುಹೋದ.

ಈಗ ಕೋವಿಯ ನಳಿಗೆಗೆ ಎರಡು ಕೊಡೆಗಳು ತೂಗುತ್ತಿವೆ. ಹೊಟ್ಟೆಕಿಚ್ಚಿಗೆ ಇಷ್ಟು ದಿನ ಅವನ ಕೋವಿ, ವಾಚುಗಳೇ ಸಾಕಾಗಿದ್ದವು. ಈಗ ಅವನು ಆಡದೆ ಉಳಿಸಿದ ಆ ಮಾತೂ ಸೇರಿಕೊಂಡಿದೆ.